ಅಕ್ಕನಿಗಷ್ಟೇ ಅಂದದ್ದು

ಮನೆಯೊಡತಿ ಕವನಾ ಫೋನು ತಿರುಗಿಸಿ ಹಿಡಿದಾಗ ಭಾಗವ್ವ ಕೈಗೆ ಮೆತ್ತಿದ ಜೋಳದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಬಗ್ಗಿ ನೋಡಿದಳು. ಅದರೊಳಗೆ ತಾನು ದಿನಾ ರೊಟ್ಟಿ ಬಡಿಯುವ ಬಸವೇಶ್ವರನಗರದ ಇದೇ ಅಡುಗೆಮನೆ, ಇದೇ ಕಟ್ಟೆ. ಕಟ್ಟೆಗೆ ಒರಗಿ ಕುಂತ ಹೆಂಗಸೊಬ್ಬಳು ಹಾಡಿ ಹಾಡಿ ಅಳುತ್ತಿದ್ದಳು. ತಾನೇ ಎಂದು ಗುರುತು ಹತ್ತಲು ತುಸು ಹೊತ್ತು ಹಿಡಿಯಿತು.

"ನಾಲ್ಕು ಲಕ್ಷ ಜನ ನೋಡಿದಾರೆ ಭಾಗವ್ವ," ಎಂದಳು ಕವನಾ. ಅವಳ ಕಣ್ಣೂ ಒದ್ದೆಯಾಗಿತ್ತು. "ಏನು ವಾಯ್ಸ್ ರೀ ನಿಮ್ದು."

"ಇದನ್ನ ಯಾರು ತಗದ್ರಿ?"

"ಯಾರೂ ಇಲ್ಲ. ಗ್ಯಾಸ್ ಆಫ್ ಮಾಡಿದೀವೋ ಇಲ್ವೋ ಅಂತ ಆಫೀಸಿಂದ ನೋಡೋಕೆ ಅಲ್ಲಿ ಕ್ಯಾಮೆರಾ ಹಾಕ್ಸಿದೀವಲ್ಲ. ನಿಮ್ ಕಡೆ ಮಾತು ನಂಗೆ ಅರ್ಧ ತಿಳೀಲಿಲ್ಲ. ಆದ್ರೂ ತಡ್ಕೊಳೋಕಾಗ್ಲಿಲ್ಲ, ಹಾಕ್ಬಿಟ್ಟೆ."

ಮೂಲೆಯ ಆ ಬಿಳಿ ಗುಂಡನ್ನು ಭಾಗವ್ವ ಇಷ್ಟು ದಿನ ದೀಪದ್ದೇನೋ ಅಂದುಕೊಂಡಿದ್ದಳು. ಅಕ್ಕ ನೀಲವ್ವ ತೀರಿ ಹನ್ನೆರಡು ದಿನವಾಗಿತ್ತು. ಸತ್ತವರ ಮುಂದೆ ಹೆಂಗಸರು ಹೊಟ್ಟೆಯೊಳಗಿನದನ್ನೆಲ್ಲ ಹಾಡಿಕೊಳ್ಳಬಹುದು. ಎದ್ದು ಮುಖ ತೊಳೆದ ಮೇಲೆ ಅದನ್ನು ಯಾರೂ ಎತ್ತಿ ಆಡುವಂತಿಲ್ಲ. ಅದು ಅವಳ ಊರಿನ ರೀತಿ. ಆದರೆ ಮಣ್ಣಿಗೆ ಹೋದಾಗ ಅಕ್ಕನ ಮಗಳು ಶಿಲ್ಪಾ ಬಗಲಲ್ಲೇ ಕುಂತಿದ್ದಳು. ಅಂದು ನುಂಗಿಕೊಂಡದ್ದು, ಬೆಂಗಳೂರಿಗೆ ಮರಳಿ, ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ಹಿಟ್ಟು ನಾದುವಾಗ ತಾನಾಗಿ ಹೊರಗೆ ಬಂದಿತ್ತು.

ಫೋನು ಅದನ್ನೇ ಈಗ ಹಾಡುತ್ತಿತ್ತು: "ನಾ ಹಡದ ಕೂಸ ನಿನ್ನ ಉಡಿಯಾಗ ಹಾಕಿದೆನಲ್ಲ ನನ್ನಕ್ಕ, ನೀನ ಹಡದಾಕಿ ಅಂತ ಶಿಲ್ಪಾನ ಬೆಳಸಿದೆಲ್ಲ ನನ್ನಕ್ಕ..."

"ಅಳಸ್ರಿ ಮೇಡಂ."

"ಯಾರೂ ಕೆಟ್ಟದಾಗಿ ಏನೂ ಬರ್ದಿಲ್ಲ ಭಾಗವ್ವ, ಎಲ್ರೂ..."

"ಅದು ನಾ ಅಕ್ಕಗ ಅಂದದ್ದರಿ. ನಿಮಗಲ್ಲ."

ಕವನಾಳ ಮುಖ ಬಾಡಿತು. ಬೆರಳು ಆಡಿಸಿ ಅಳಿಸಿದಳು. "ತೆಗ್ದೆ. ಆದ್ರೆ ಬೇರೆಯವ್ರು ಇಳಿಸ್ಕೊಂಡು ಹಾಕಿರೋದು ನನ್ ಕೈಲಿಲ್ಲ," ಎಂದು ತಲೆ ತಗ್ಗಿಸಿದಳು. ತೂರಿದ ಹೊಟ್ಟನ್ನು ಮರಳಿ ಕೊಡೆಂದರೆ ಗಾಳಿ ಕೊಟ್ಟೀತೇ?

ಎರಡು ದಿನದಿಂದ ಶಿಲ್ಪಾ ಯಾಕೆ ಫೋನು ಎತ್ತುತ್ತಿಲ್ಲವೆಂಬುದು ಭಾಗವ್ವನಿಗೆ ಆಗ ತಿಳಿಯಿತು. ಹಿತ್ತಲಿಗೆ ಹೋಗಿ ತನ್ನ ಹಳೆಯ ಫೋನಿನ ಗುಂಡಿ ಒತ್ತಿದಳು. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಆ ಕಡೆ ಶಿಲ್ಪಾ ಎತ್ತಿದಳು.

"ನಾನ ಹೇಳಾಕಿ ಇದ್ನವಾ," ಎಂದಳು ಭಾಗವ್ವ. "ನಿನ್ನ ಮದಿವಿ ಆಗ್ಲಿ, ಒಂದಿನ ಬಗಲಾಗ ಕುಂದರಿಸಿಕೊಂಡು ನಾನ..."

"ಸಕ್ಕರಿ ತರಾಕ ಅಂಗಡಿಗೆ ಹೋಗಿದ್ದೆ ಚಿಗವ್ವ." ಶಿಲ್ಪಾಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಚಲೋ ಇತ್ತು. "ರಾಚಪ್ಪ ಕಾಕಾ ಫೋನ್ ನೋಡಕೋತ ಕುಂತಿದ್ದ. ನನ್ನ ಮಾರಿ ಕಂಡವನ ಬಂದ್ ಮಾಡಿದ. ಏನದು, ಹಚ್ಚು ಅಂದೆ. ಹಚ್ಚಿದ. ಕಟ್ಟಿ ಮ್ಯಾಲ ಕುಂತ ಮಂದಿ ಎಲ್ಲಾ ನೆಲಾ ನೋಡಾಕ ಹತ್ತಿದ್ರು. ಊರಾಗ ಅದನ್ನ ಕೇಳದಾಕಿ ನಾ ಒಬ್ಬಾಕಿನ ಉಳದಿದ್ದೆ."