ಮೂರು ಮಿಲಿಸೆಕೆಂಡ್

"ಇಲ್ಲಿ ನೋಡಿ ಸರ್, ಮೂರು ಮಿಲಿಸೆಕೆಂಡ್ ಸುಮ್ಮನೆ ನಿಲ್ಲುತ್ತೆ. ಯಾರ ದಾರಿ ಕಾಯುತ್ತೋ!" ನಾದಿನಿ ಬರೆದ ಕೋಡಿನ ಆ ಸಾಲಿನ ಮೇಲೆ ಅವನು ಬೆರಳಿಟ್ಟ. ರೋಗಿಗಳಿಗೆ ಔಷಧಿ ಹನಿಸುವ ಪಂಪು ಪರೀಕ್ಷೆಗೆಂದು ಮೇಜಿನ ಮೇಲಿದ್ದ ಲೋಟಕ್ಕೆ ನೀರು ತೊಟ್ಟಿಕ್ಕಿಸುತ್ತಿತ್ತು. ಮನೆಯಲ್ಲಿ ಹೆಂಡತಿ, ಆಫೀಸಿನಲ್ಲಿ ಮ್ಯಾನೇಜರ್, ಇಬ್ಬರೂ ಹೊಗಳಿ ಅಟ್ಟಕ್ಕೇರಿಸಿದ್ದವಳ ತಪ್ಪು ಹನ್ನೊಂದು ದಿನ ಹುಡುಕಿದ ಮೇಲೆ ಸಿಕ್ಕಿತ್ತು. ಉರಿಯುತ್ತಿದ್ದ ಹೊಟ್ಟೆ ತಣ್ಣಗಾಯಿತು.

"ಭಾವ, ಅದನ್ನ ಮುಟ್ಟಬೇಡಿ," ಎಂದಳು ಅವಳು ಮೆಲ್ಲಗೆ. ಅವನಿಗೆ ಇನ್ನಷ್ಟು ಹುರುಪು ಬಂತು. ಮ್ಯಾನೇಜರ್ ಎದುರೇ ಸಾಲನ್ನು ಅಳಿಸಿ ಪಂಪನ್ನು ಮತ್ತೆ ಚಾಲೂ ಮಾಡಿದ. ನಾಲ್ಕು ಹನಿ ಬಿದ್ದವು. ಐದನೆಯದು ಬೀಳಲಿಲ್ಲ; ಕೆಂಪು ದೀಪ ಹತ್ತಿ ಪಂಪು ಕಿರುಚಿಕೊಂಡಿತು.

"ಯಾರ ತಪ್ಪಿದು?" ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು.

"ನಂದೇ ಸರ್. ಆ ಸಾಲು ಯಾಕೆ ಬೇಕು ಅಂತ ಪಕ್ಕದಲ್ಲಿ ಬರೆದಿಡಬೇಕಿತ್ತು." ಅವಳು ಅಳಿಸಿದ್ದನ್ನು ಮತ್ತೆ ಸೇರಿಸಿದಳು. ಹನಿ ಬೀಳತೊಡಗಿತು.

ಮ್ಯಾನೇಜರ್ ಆಚೆ ಹೋದದ್ದೇ ಅವನು ಹಲ್ಲು ಕಚ್ಚಿ ಕೇಳಿದ: "ಮತ್ತೆ ಯಾಕೆ ಬರೆದಿಡಲಿಲ್ಲ?"

"ಏನಂತ ಬರೀಲಿ ಭಾವ? ನೀವು ಬರೆದಿರೋ, ಹನಿ ಎಣಿಸೋ ಸೆನ್ಸರ್‌ನ ಕೋಡು ತಡವಾಗಿ ಉತ್ತರ ಕೊಡುತ್ತೆ, ಅದರ ದಾರಿ ಕಾಯ್ತಿದೀನಿ ಅಂತಾನಾ?"