ಕಿಟಕಿ ಪಕ್ಕದ ತೊಟ್ಟಿ

ದಾನವಾಗಿ ಬಂದ ದೇಹಗಳನ್ನು ಆ ಮೆಡಿಕಲ್ ಕಾಲೇಜಿನಲ್ಲಿ ಫಾರ್ಮಲಿನ್ ತೊಟ್ಟಿಗಳಲ್ಲಿ ಮುಳುಗಿಸಿಡುತ್ತಿದ್ದರು. ಆ ದ್ರಾವಣ ಬೆರೆಸುವುದು ಇಂದುಮತಿಯ ಕೆಲಸ. ಹೊಸದಾಗಿ ಸೇರಿದ ಡಾ. ಚಿದಾನಂದ ಒಂದು ಬೆಳಿಗ್ಗೆ ಎಲ್ಲ ತೊಟ್ಟಿಗಳನ್ನೂ ಪರೀಕ್ಷಿಸಿ, ಕಿಟಕಿ ಪಕ್ಕದ ತೊಟ್ಟಿಯ ಹತ್ತಿರ ಅವಳನ್ನು ಕರೆದರು.

"ನೂರು ಗ್ರಾಂ ದ್ರಾವಣದಲ್ಲಿ ಫಾರ್ಮಲಿನ್ ಎಷ್ಟಿರಬೇಕಮ್ಮ?"

"ಹತ್ತು ಗ್ರಾಂ ಸರ್. ಉಳಿದ ತೊಂಬತ್ತು ಗ್ರಾಂ ನೀರು."

"ಬೇರೆ ಎಲ್ಲದರಲ್ಲೂ ಸರಿಯಾಗಿದೆ. ಇದೊಂದರಲ್ಲಿ ಮಾತ್ರ ಐದೇ ಪರ್ಸೆಂಟ್ ಇದೆ. ಲೆಕ್ಕ ತಪ್ಪಿತಾ?"

"ಇಲ್ಲ ಸರ್. ನಾನೇ ಬೇಕಂತ ನೀರು ಜಾಸ್ತಿ ಹಾಕಿದೆ."

ಅವರಿಗೆ ಸಿಟ್ಟು ಬಂತು. "ಹೀಗಾದರೆ ದೇಹ ಕೆಟ್ಟುಹೋಗುತ್ತೆ. ಇಷ್ಟು ವರ್ಷ ಕೆಲಸ ಮಾಡಿ ಅಷ್ಟೂ ಗೊತ್ತಿಲ್ವಾ ನಿಮಗೆ?"

"ಗೊತ್ತು ಸರ್."

ಅವರೇ ಫಾರ್ಮಲಿನ್ ಕ್ಯಾನಿನ ಮುಚ್ಚಳ ತೆಗೆದರು. ಘಾಟಿಗೆ ಕಣ್ಣುಗಳಲ್ಲಿ ನೀರು ತುಂಬಿತು, ಕೆಮ್ಮು ಬಂತು. ಆದರೂ ಕ್ಯಾನನ್ನು ಎತ್ತಿ ಬಗ್ಗಿಸಹೋದರು. ಇಂದುಮತಿ ತಟ್ಟನೆ ತೊಟ್ಟಿಗೆ ಅಡ್ಡ ನಿಂತಳು.

"ಬೇಡಿ ಸರ್, ಒಳಗೆ ನಮ್ಮ ಮನೆಯವರಿದ್ದಾರೆ. ಅವರಿಗೆ ಉಬ್ಬಸ, ಇಷ್ಟು ಘಾಟು ತಡೆಯೋಕಾಗಲ್ಲ."