ತವೋರಾನ ಕುರ್ಚಿ
ದೆವೊಲಿಂದಾ ಅಜ್ಜಿ ಹಗ್ಗ ಎತ್ತಿ, ತಲೆ ಬಗ್ಗಿಸಿ ಒಳಗೆ ನುಸುಳಿ, ಮ್ಯೂಸಿಯಂನಲ್ಲಿಟ್ಟಿದ್ದ ಗುಪ್ತ ಪೊಲೀಸ್ ಅಧಿಕಾರಿ ತವೋರಾನ ಕುರ್ಚಿಯ ಮೇಲೆ ಕೂತೇ ಬಿಟ್ಟಳು.

“ಅಜ್ಜೀ, ಏನಿದು! ಏಳು, ಎಲ್ರೂ ನೋಡ್ತಿದಾರೆ,” ಎಂದು ಮೊಮ್ಮಗಳು ಫಿಲಿಪಾ ಕೈ ಹಿಡಿದೆಳೆದಳು.

“ನೋಡ್ಲಿ ಬಿಡೇ. ನೋಡೋಕೆ ತಾನೇ ಟಿಕೆಟ್ ತಗೊಂಡು ಬಂದಿರೋದು?”

ಕುರ್ಚಿ ಗಟ್ಟಿ ಓಕ್ ಮರದ್ದೆಂದೂ, ತವೋರಾ ಕುಟುಂಬದವರು ಪ್ರೀತಿಯಿಂದ ಕೊಟ್ಟದ್ದೆಂದೂ, ಲಿಸ್ಬನ್ ನಗರ ಅವರಿಗೆ ಋಣಿಯೆಂದೂ ಫಲಕದಲ್ಲಿ ಬರೆದಿತ್ತು. ಋಣವಂತೆ! ಅದನ್ನು ಓದಿದ್ದೇ ತಡ, ಅಜ್ಜಿಯ ಮೈಯೆಲ್ಲ ಉರಿದುಹೋಗಿತ್ತು. ಸರ್ವಾಧಿಕಾರದ ಆ ಕಾಲದಲ್ಲಿ ಕೈದಿಗಳ ಕೊಳೆಬಟ್ಟೆಯನ್ನು ವಾರಕ್ಕೊಮ್ಮೆ ಮನೆಯವರೇ ಒಯ್ದು ಒಗೆದು ತರಬೇಕಿತ್ತು. ಒಂದು ಸೋಮವಾರ ಗಂಡ ಅಮಿಲ್ಕಾರನ ಗಂಟು ಬಿಚ್ಚಿದರೆ, ಬಟ್ಟೆಯ ಜೊತೆ ಅವನ ಬೂಟುಗಳೂ ಇದ್ದವು. ಎರಡನ್ನೂ ಹಿಮ್ಮಡಿಯವರೆಗೆ ಕತ್ತರಿಯಿಂದ ಸೀಳಿದ್ದರು. ಊದಿದ ಕಾಲಿನಿಂದ ಬೇರೆ ಹೇಗೂ ಕಳಚಲು ಬಂದಿರಲಿಲ್ಲ.

ಕಾವಲಿನ ಹೆಂಗಸು ಓಡಿ ಬಂದಳು. “ಅಮ್ಮಾ, ದಯವಿಟ್ಟು ಏಳಿ. ಹಳೇ ಕಾಲದ ಕುರ್ಚಿ ಅದು, ಮುರಿದುಹೋಗುತ್ತೆ. ಕಾಲು ನೋವಿದ್ರೆ ಅಲ್ಲಿ ಬೆಂಚಿದೆ, ಕೂತ್ಕೊಳ್ಳಿ.”

“ನಂಗೇನೂ ಕಾಲು ನೋವಿಲ್ಲ.” ಅಜ್ಜಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಳು. “ನೋವಿದ್ದದ್ದು ನನ್ನ ಗಂಡಂಗೆ. ಇದರ ಮುಂದೆ ಆರು ಹಗಲು ಆರು ರಾತ್ರಿ ಅವನನ್ನ ಕಂಬದ ಹಾಗೆ ನಿಲ್ಸಿದ್ರು. ಕಣ್ಣು ಮುಚ್ಚಿದ್ರೆ ಬಾರಿಸ್ತಿದ್ರು. ಆವತ್ತು ಇದರ ಮೇಲೆ ಕೂತಿದ್ದನಲ್ಲ, ಅವನಿಗೆ ‘ದಯವಿಟ್ಟು ಏಳಿ’ ಅಂತ ಈ ಊರಲ್ಲಿ ಒಬ್ಬರಾದ್ರೂ ಹೇಳಿದ್ರೇನಮ್ಮಾ?”